ಏಡಿ ತಿನ್ನದ ಸಾಹೇಬರ ನಾಲಿಗೆ

ನಮ್ಮ ಸಾಹೇಬರು ಏಡಿ ಮಾರುತ್ತಾರೆ, ತಿನ್ನುವುದಿಲ್ಲ. ಭಟ್ಕಳದ ಅವರ ಮನೆಯಲ್ಲಿ ಮೀನು ಉಂಟು, ಸಿಗಡಿ ಉಂಟು, ಏಡಿ ಮಾತ್ರ ಅಜ್ಜನ ಕಾಲದಿಂದಲೂ ಅಡುಗೆಮನೆಯೊಳಗೆ ಬಂದಿಲ್ಲ. ಅದು ಕೂಡದು ಎಂದು ಚಿಕ್ಕಂದಿನಲ್ಲೇ ಕಲಿತುಕೊಂಡು ಬಂದವರು ಅವರು. ಆದರೆ ಇಲ್ಲಿನ ಅರಬರು ತಿನ್ನುತ್ತಾರೆ, ಫಿಲಿಪೈನಿನವರು ಕೇಳಿಕೊಂಡು ಬರುತ್ತಾರೆ, ಹೋಟೆಲುಗಳಿಗೆ ಬೇಕೇ ಬೇಕು. ಆದ್ದರಿಂದ ಅರಬ್ ನಾಡಿನ ಅಲ್ ಅಹ್ಸಾದಲ್ಲಿರುವ ನಮ್ಮ ಕೋಲ್ಡ್ ಸ್ಟೋರಿಗೆ ವಾರವಾರವೂ ಏಡಿ ಬರುತ್ತದೆ. ಸುತ್ತಮುತ್ತ ಖರ್ಜೂರದ ಅಂಗಡಿಗಳು, ನಡುವೆ ಮೀನು ನಾರುವ ನಮ್ಮದೊಂದು ಕಟ್ಟಡ. ತಿನ್ನದವರು ಮಾರುವುದು ಹೇಗೆ? ಅದಕ್ಕೆ ನಾನಿದ್ದೇನೆ.

ಮೀನಾದರೆ ಸಾಹೇಬರು ಕಿವಿರು ಎತ್ತಿ ನೋಡಿ ಮೂರು ಮಾತಿನಲ್ಲಿ ಮುಗಿಸುತ್ತಾರೆ. ಏಡಿಯನ್ನು ಮುಟ್ಟುವುದೇ ಇಲ್ಲ. ಹೊಸ ಮಾಲು ಬಂದ ದಿನ ಇಳಿಹೊತ್ತಿನ ಅಸರ್ ನಮಾಜು ಮುಗಿಸಿ ಬಂದು ಕುರ್ಚಿ ಎಳೆದು ಕೂರುತ್ತಾರೆ. ನಾನು ಪೆಟ್ಟಿಗೆಯೊಳಗೆ ಕೈಹಾಕಿ ನನಗೆ ತೋಚಿದ ಏಡಿಯನ್ನು ಆರಿಸಿ, ಉಪ್ಪು ನೀರಿನಲ್ಲಿ ಬೇಯಿಸಿ, ಅವರ ಎದುರಿನಲ್ಲೇ ಒಡೆದು ತಿನ್ನಬೇಕು. ಅವರು ಏಡಿಯನ್ನು ನೋಡುವುದಿಲ್ಲ, ನನ್ನ ಮುಖವನ್ನು ನೋಡುತ್ತಾರೆ. ‘ಅಡ್ಡಿಲ್ಲ’ ಎಂದರೆ ಮಾಲು ಒಳಗೆ. ‘ಬೇಡ’ ಎಂದರೆ ಲಾರಿ ಬಂದ ದಾರಿ ಹಿಡಿಯಬೇಕು. ಮಾಲು ತಂದವನು ತಾನೇ ತಿಂದು ಚೆನ್ನಾಗಿದೆ ಎಂದರೆ ಅವರು ಒಪ್ಪುವುದಿಲ್ಲ. ಕೊಳ್ಳುವವನ ಬಾಯಿ ಬೇರೆ, ರುಚಿ ನೋಡುವವನ ಬಾಯಿ ಬೇರೆ, ಅದು ಅವರ ನಿಯಮ.

ನಾನು ಓದಿದ್ದು ಏಳನೇ ತರಗತಿ. ಇಲ್ಲಿ ಇರಲು ಕೊಡುವ ಇಕಾಮಾ ಪತ್ರದಲ್ಲಿ ನನ್ನ ಉದ್ಯೋಗ ‘ಆಮಿಲ್’, ಅಂದರೆ ಕೂಲಿ. ಆದರೆ ಕುರ್ಚಿ ಎಳೆದು ಕೂತ ಸಾಹೇಬರ ಎದುರು ನಾನು ಅಗಿಯುತ್ತಿರುವಾಗ ಕಚೇರಿಯ ಅಷ್ಟೂ ಜನ ಬಾಯಿ ಮುಚ್ಚಿಕೊಂಡು ನಿಂತಿರುತ್ತಾರೆ. ಬೇಕೆಂದೇ ನಿಧಾನವಾಗಿ ಅಗಿದ ದಿನಗಳಿವೆ. ಅಕೌಂಟೆಂಟನ ಹಣೆ ಬೆವರುವುದನ್ನು ನೋಡುತ್ತ ಇನ್ನೊಂದು ಕಾಲು ಮುರಿದುಕೊಂಡು ಚೀಪಿದ್ದೇನೆ. ಹೋಟೆಲಿನ ದೊಡ್ಡ ಅಡುಗೆಯವರು ಬಂದು ಏಡಿಯನ್ನು ಮಗುವಿನ ಹಾಗೆ ಎತ್ತಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರಲ್ಲ, ಅವರನ್ನು ಕಂಡರೆ ನನಗೆ ನಗು. ಅವರ ಮೆನುವಿನಲ್ಲಿ ನಮ್ಮ ಏಡಿ ಬೆಣ್ಣೆಯಲ್ಲಿ ಮುಳುಗಿ, ಮೇಲೆ ಒಂದು ಎಲೆ ಇಟ್ಟುಕೊಂಡು, ಯಾವ ರುಚಿಯೂ ಇಲ್ಲದೆ ಮಲಗಿರುತ್ತದೆ. ಅದಕ್ಕೆ ಜನ ಕೊಡುವ ದುಡ್ಡು ನೆನೆದರೆ ಅವರನ್ನೂ ಅದೇ ನೀರಿನಲ್ಲಿ ಬೇಯಿಸಬೇಕು ಅನಿಸುತ್ತದೆ.

ನಾನು ಹುಟ್ಟಿದ ಮನೆಯಲ್ಲಿ ಏಡಿಗೆ ಬೆಲೆ ಎಂಬುದೇ ಇರಲಿಲ್ಲ. ಕುಂದಾಪುರದ ಕಡೆ, ಹೊಳೆ ಕಡಲು ಸೇರುವಲ್ಲಿ ನಮ್ಮ ಮನೆ. ಅಪ್ಪ ಬಲೆ ತಂದು ದಡದಲ್ಲಿ ಹರವಿದರೆ ಮೀನು ಮಾರಾಟಕ್ಕೆ, ಏಡಿ ಬೈಗುಳಕ್ಕೆ. ಅದು ಬಲೆಯನ್ನು ಹರಿಯುತ್ತದೆ, ಬಿಡಿಸಲು ಹೋದರೆ ಬೆರಳು ಕಚ್ಚುತ್ತದೆ. ಅಪ್ಪ ಅದರ ಕಚ್ಚುವ ಕೊಂಬು ಮುರಿದು ಮರಳಿಗೆ ಎಸೆಯುತ್ತಿದ್ದರು. ನಾನೂ ತಮ್ಮನೂ ಆರಿಸಿ ತಂದು ಅಮ್ಮನ ಮುಂದೆ ಸುರಿಯುತ್ತಿದ್ದೆವು. ಅಮ್ಮ ಮೇಲಿನ ಓಡು ಕಿತ್ತು, ಒಳಗಿನ ಕೆಸರಿನಂಥದ್ದನ್ನೆಲ್ಲ ಬಾವಿಕಟ್ಟೆಯಲ್ಲಿ ತಿಕ್ಕಿ ತೊಳೆದು, ಮೊಟ್ಟೆ ಇದ್ದರೆ ಅದೊಂದನ್ನು ಉಳಿಸಿಕೊಂಡು, ಹುರಿದ ಕಾಯಿ ಮಸಾಲೆ ಹಾಕಿ ಸುಕ್ಕ ಮಾಡುತ್ತಿದ್ದರು. ಆ ಕೆಸರು ಹೊಟ್ಟೆಗೆ ಹೋದರೆ ಕೆಡುತ್ತದೆ ಎಂಬುದು ನಮ್ಮ ಕೇರಿಯಲ್ಲಿ ಯಾರೂ ಪ್ರಶ್ನಿಸದ ಮಾತು. ನನ್ನ ನಾಲಿಗೆ ಕಲಿತದ್ದು ಅಲ್ಲಿ. ಅದಕ್ಕಿಂತ ದೊಡ್ಡ ಶಾಲೆ ಇದೆ ಎಂದು ನಾನು ನಂಬಿರಲಿಲ್ಲ.

ತಮ್ಮ ನನಗಿಂತ ತುಂಬ ಚಿಕ್ಕವನು. ಬಿ.ಕಾಂ. ಮಾಡಿದ. ಸಾಹೇಬರಿಗೆ ಹೇಳಿ ಅವನನ್ನು ಇಲ್ಲಿಗೆ ಕರೆಸಿದವನು ನಾನೇ. ಬಂದದ್ದು ನನ್ನ ಹಾಗೆ ಆಮಿಲ್ ವೀಸಾದಲ್ಲಿ, ಆದರೆ ಸ್ವಲ್ಪ ದಿನದಲ್ಲೇ ಅವನನ್ನು ಕಚೇರಿಯೊಳಗೆ ಕೂರಿಸಿಕೊಂಡರು. ಖರೀದಿಯ ಕೆಲಸ. ಇಸ್ತ್ರಿ ಹಾಕಿದ ಅಂಗಿ, ಕುತ್ತಿಗೆಗೆ ಬಟ್ಟೆಯ ತುಂಡು. ಈ ಬಿಸಿಲಿನಲ್ಲಿ ಟೈ ಕಟ್ಟುವವನ ಬಗ್ಗೆ ನನಗೆ ಏನನಿಸುತ್ತದೆ ಎಂದು ಅವನಿಗೇ ಹೇಳಿದ್ದೆ. ‘ಮೀನಿಗ್ ದಾರ ಕಟ್ಟಿದ್ ಹಾಂಗೆ ಕಾಣ್ತೆ’ ಎಂದು. ನಕ್ಕ. ನಾನು ಏನು ಹೇಳಿದರೂ ನಗುತ್ತಿದ್ದ. ಅದಕ್ಕೆ ನನಗೆ ಇನ್ನೂ ಉರಿಯುತ್ತಿತ್ತು.

ಸ್ಟೋರಿನ ಮೇಲಿನ ಒಂದೇ ಕೋಣೆಯಲ್ಲಿ ನಾವಿಬ್ಬರೂ ಇದ್ದೆವು. ಒಂದು ಸಂಜೆ ನಾನು ಅನ್ನಕ್ಕಿಟ್ಟು ಕೂತಿದ್ದಾಗ ಅವನು ಲ್ಯಾಪ್‌ಟಾಪ್ ತಂದು ನನ್ನ ಮುಂದೆ ತೆರೆದ.

‘ಅಣ್ಣ, ಯುರೋಪಿನಂಗೆ ಏಡಿ ಅಂದ್ರೆ ಎಂತ ಅಂದ್ ನಿಂಗೆ ಗೊತ್ತಿತ್ತಾ? ಬೋಟಿಗ್ ಬೋಟೇ ಬರೀ ಏಡಿಗ್ ಹೋತ್ ಅಲ್ಲಿ.’

‘ಮೀನ್ ಹಿಡುಕ್ ಬಾರ್ದಿದ್ದರ್ ಮಾಡು ಕೆಲ್ಸ ಅದ್.’

‘ಅಲ್ಲ ಮಾರಾಯ. ಬಲೆ ಹಾಕುದಿಲ್ಲೆ. ಬುಟ್ಟಿಯೊಳ್ಗೆ ಮೀನಿನ ತುಂಡ್ ಕಟ್ಟಿ ಕಡ್ಲಿನ ಅಡಿಗೆ ಬಿಡ್ತ್ರ್. ಒಂದ್ ಕಾಲೂ ಮುರಿತಿಲ್ಲೆ. ಸಣ್ಣದ್, ಮೊಟ್ಟೆ ಇಪ್ಪುದ್ ಎಲ್ಲ ವಾಪಸ್ ಕಡ್ಲಿಗೆ.’

‘ಮೊಟ್ಟೆ ಏಡಿ ವಾಪಸ್ಸಾ? ಹಾಂಗಾರೆ ಅವ್ರಿಗೆ ತಲೆ ಸಮ ಇಲ್ಲೆ.’

ಅವನು ಬಿಡಲಿಲ್ಲ. ಇಂಗ್ಲೆಂಡು, ಐರ್ಲೆಂಡು, ಫ್ರಾನ್ಸು ಎಂದು ಒಂದೊಂದರ ಮೇಲೂ ಬೆರಳಿಟ್ಟು ತೋರಿಸಿದ. ಎಷ್ಟು ಹಿಡಿಯುತ್ತಾರೆ, ದಡಕ್ಕೆ ಬಂದಾಗ ಅದರ ಮೌಲ್ಯ ಎಷ್ಟು, ಚೀನಾದವರು ಜೀವಂತ ಏಡಿಗೆ ಮುಗಿಬಿದ್ದ ಮೇಲೆ ಅದು ಹೇಗೆ ಏರಿತು, ಸ್ಪೇನಿನವರು ನೀರು ತುಂಬಿದ ಲಾರಿಯಲ್ಲಿ ಹೇಗೆ ಒಯ್ಯುತ್ತಾರೆ. ನಾರ್ವೆ ದೇಶದ ಉತ್ತರದ ತುದಿಗೆ ಬೇರೆ ಕಡೆಯಿಂದ ಬಂದು ಸೇರಿದ ದೊಡ್ಡ ಜಾತಿಯ ಏಡಿಯೊಂದಿದೆಯಂತೆ. ಬಲೆ ಹರಿಯುವ ಪೀಡೆ ಎಂದು ಬೈಯುತ್ತಿದ್ದ ಬೆಸ್ತರೇ ಈಗ ಅದನ್ನು ಹಿಡಿಯಲು ಪರವಾನಗಿಗೆ ಕಾಯುತ್ತಾರಂತೆ. ಕೊನೆಗೆ ಒಂದು ಏರುವ ಗೆರೆ, ಒಂದು ಇಳಿಯುವ ಗೆರೆ ತೋರಿಸಿ, ‘ಹಿಡಿದ ತೂಕ ಕೆಳ್ಗೆ, ಬಂದ ದುಡ್ಡ್ ಮೇಲೆ. ಕಂಡ್ಯಾ?’ ಎಂದ.

‘ಸಿಕ್ಕುದ್ ಕಮ್ಮಿ ಆರೆ ಬೆಲೆ ಏರತ್ತ್. ಇದನ್ ಹೇಳುಕೆ ಲ್ಯಾಪ್‌ಟಾಪ್ ಬೇಕಾ? ನಮ್ಮ ಕೇರಿ ಹೆಂಗ್ಸ್ರಿಗೆ ಕೇಂಡ್ರೆ ಬುಟ್ಟಿ ಇಳ್ಸುದ್ರೊಳ್ಗೆ ಹೇಳ್ತ್ರ್’ ಎಂದೆ. ‘ಸೈ, ನಿನ್ನ ಗೆರೆಯಂಗೆ ಅಮಾಸಿ ಏಡಿ ಯಾವ್ದ್, ಹುಣ್ಣಿಮಿ ಏಡಿ ಯಾವ್ದ್ ಅಂದ್ ಬರ್ದಿತ್ತಾ?’

ಅಮಾವಾಸ್ಯೆಯ ಏಡಿ ತುಂಬಿರುತ್ತದೆ, ಹುಣ್ಣಿಮೆಯದ್ದು ಪೊಳ್ಳು. ನಮ್ಮ ಕಡಲ ಕರೆಯಲ್ಲಿ ಇದು ಗೊತ್ತಿಲ್ಲದವರು ಇಲ್ಲ.

‘ಅದೆಲ್ಲ ಅಲ್ಲಿ ಕಾಣುದಿಲ್ಲೆ ಅಣ್ಣ.’

‘ಹಾಂಗಾರೆ ಪೊಳ್ಳ್ ಏಡಿಗೂ ಅದೇ ಬೆಲೆ. ಬಾಳ ಬುದ್ಧಿವಂತ್ರ್ ಬಿಡ್.’

ಅವನು ಲ್ಯಾಪ್‌ಟಾಪ್ ಮುಚ್ಚಿ, ಮುಖ್ಯ ವಿಷಯಕ್ಕೆ ಬಂದ. ಆ ಯುರೋಪಿನ ಕಂದು ಬಣ್ಣದ ಏಡಿಯನ್ನು ಬೇಯಿಸಿ, ಮಂಜುಗಟ್ಟಿಸಿ, ಇಡಿಯಾಗಿ ಕಳಿಸುವ ಕಂಪನಿಯೊಂದನ್ನು ಅವನು ಹಿಡಿದಿದ್ದ. ಹೋಟೆಲಿನವರು ತೆಗೆದುಕೊಳ್ಳಲು ಒಪ್ಪಿದ್ದರು. ಸಾಹೇಬರು ಮಾತು ಕೊಟ್ಟಿದ್ದರು. ಮಾಲು ಪಾಸಾದರೆ ತಮ್ಮನ ಕೆಲಸ ಖಾಯಂ, ವೀಸಾ ಕೊಟ್ಟ ಅರಬ ಕಫೀಲನ ಕಚೇರಿಯಲ್ಲಿ ಹೇಳಿ ಇಕಾಮಾದ ಉದ್ಯೋಗವನ್ನು ಆಮಿಲ್‌ನಿಂದ ಬದಲಿಸಿಕೊಡುವುದು. ಆಮಿಲ್ ಆದವನು ಸಂಸಾರ ತರುವ ಹಾಗಿಲ್ಲ. ಉದ್ಯೋಗ ಬದಲಾದರೆ ಅವನು ಹೆಂಡತಿಯನ್ನೂ ಮಗಳನ್ನೂ ಇಲ್ಲಿಗೆ ಕರೆಸಬಹುದು. ಹುಟ್ಟಿದ ಮೇಲೆ ಆ ಮಗುವನ್ನು ಅವನು ಒಂದೇ ಒಂದು ರಜೆಯಲ್ಲಿ ಎತ್ತಿಕೊಂಡದ್ದು. ಪಾಸ್‌ಪೋರ್ಟು ಮಾಡಿಸಿ ಆಗಿತ್ತು. ಮನೆಯನ್ನೂ ನೋಡಿಟ್ಟಿದ್ದ, ಖರ್ಜೂರದ ತೋಟದ ಪಕ್ಕದಲ್ಲಿ, ಕೆಳಗೊಂದು ದಿನಸಿಯ ಬಖಾಲಾ ಇರುವ ಕಟ್ಟಡದಲ್ಲಿ.

‘ನಾಕ್ ದಿನದಂಗೆ ಸ್ಯಾಂಪಲ್ ಬತ್ತ್. ನೀ ತಿಂದ್ ಹೇಳ್ಕ್ ಅಣ್ಣ’ ಎಂದ.

ನನ್ನ ಹೆಂಡತಿ ಒಂದು ದಿನವೂ ಇಲ್ಲಿಗೆ ಬಂದವಳಲ್ಲ. ಮಕ್ಕಳು ನನ್ನನ್ನು ಗುರುತು ಹಿಡಿಯುವುದು ಫೋನಿನಲ್ಲಿ. ನಾನು ಅದರ ಬಗ್ಗೆ ಯಾರೊಂದಿಗೂ ಮಾತಾಡಿದವನಲ್ಲ, ಸಂಸಾರ ಕಟ್ಟಿಕೊಂಡು ಇಲ್ಲಿ ಒದ್ದಾಡುವವರನ್ನು ಕಂಡು ನಗುವುದನ್ನು ಕಲಿತಿದ್ದೆ. ಮಾಲ್‌ಗಳಲ್ಲಿ ಟ್ರಾಲಿ ತಳ್ಳಿಕೊಂಡು ಹೆಂಡತಿಯ ಹಿಂದೆ ನಡೆಯುವ ನಮ್ಮೂರ ಗಂಡಸರು, ಕನ್ನಡ ಬಾರದ ಅವರ ಮಕ್ಕಳು. ಮೊನ್ನೆಮೊನ್ನೆ ಬಂದ ತಮ್ಮ ಅವರ ಸಾಲಿಗೆ ಸೇರಲು ಹೊರಟದ್ದು, ಅದೂ ಒಂದು ಏಡಿಯ ಬೆನ್ನ ಮೇಲೆ ಕೂತು. ಅವತ್ತು ನಾನು ಇದನ್ನೆಲ್ಲ ಹೀಗೆ ಬಿಡಿಸಿ ಯೋಚಿಸಲಿಲ್ಲ. ಅನ್ನ ಬಸಿಯಲು ಎದ್ದೆ, ಅಷ್ಟೆ.

ಸ್ಯಾಂಪಲ್ ಬರುವ ಮುಂಚೆ ಇನ್ನೊಂದು ಮಾತು ನಡೆಯಿತು. ಕಚೇರಿಯಲ್ಲಿ ಯಾರೋ ತಮ್ಮನನ್ನು, ನಿಮ್ಮಣ್ಣ ಒಪ್ಪದಿದ್ದರೆ ಏನು ಗತಿ ಎಂದು ಕೇಳಿದರು. ನಾನು ಬಾಗಿಲ ಹೊರಗೆ ಬೂಟು ಬಿಚ್ಚುತ್ತಿದ್ದೆ. ‘ಅಣ್ಣನಿಗೆ ರುಚಿ ಗೊತ್ತು, ಬೆಲೆ ಗೊತ್ತಿಲ್ಲ’ ಎಂದು ತಮ್ಮ ಹೇಳಿದ, ಎಲ್ಲರೂ ನಕ್ಕರು. ಅದರಲ್ಲಿ ವಿಷ ಇರಲಿಲ್ಲ. ಅವನು ನನ್ನನ್ನು ಹೊಗಳಿಯೇ ಹೇಳಿದ್ದಿರಬಹುದು. ನನಗೆ ಮಾತ್ರ ಆ ನಗು ಕಿವಿಯಲ್ಲಿ ಕೂತಿತು.

ಸ್ಯಾಂಪಲ್ ಬಂದ ದಿನ ಸಾಹೇಬರು ಕುರ್ಚಿ ಎಳೆದು ಕೂತರು. ಪೆಟ್ಟಿಗೆ ತೆರೆದರೆ, ಒಂದೊಂದು ಏಡಿಯೂ ಊಟದ ತಟ್ಟೆಯಷ್ಟು ಅಗಲ. ಇಟ್ಟಿಗೆ ಬಣ್ಣ, ಕೊಂಬಿನ ತುದಿ ಕಪ್ಪು, ಮೇಲಿನ ಓಡಿನ ಅಂಚು ಕಡುಬಿನ ಮಡಿಕೆಯ ಹಾಗೆ. ನೋಡಿದರೆ ಗಂಭೀರವಾಗಿಯೇ ಇತ್ತು. ಮೊದಲೇ ಬೇಯಿಸಿದ್ದು, ಬಿಸಿ ಮಾಡಿದರೆ ಸಾಕು ಎಂದು ತಮ್ಮ ಹೇಳಿದ. ಅದನ್ನು ಕೇಳಿಯೇ ನನಗೆ ತಾತ್ಸಾರ ಹುಟ್ಟಿತು. ಯಾರೋ ಎಲ್ಲಿಯೋ ಬೇಯಿಸಿದ್ದನ್ನು ನಾನು ತಿಂದು ಹೇಳಬೇಕು.

ಓಡು ಎತ್ತಿದೆ. ಒಳಗೆ ಪೂರ್ತಿ ಕಂದು ಮುದ್ದೆ, ಅಂಚಿನಲ್ಲಿ ಹಸಿರು ಬೆರೆತ ಬೂದಿ ಬಣ್ಣ. ಘಾಟು ವಾಸನೆ. ಅಮ್ಮ ತೊಳೆದು ಚೆಲ್ಲುತ್ತಿದ್ದದ್ದೇ ಇಲ್ಲಿ ಬೊಗಸೆ ತುಂಬ ಇತ್ತು. ನಾನು ಬೆರಳ ತುದಿಯಲ್ಲಿ ತೆಗೆದು ನಾಲಿಗೆಗೆ ಮುಟ್ಟಿಸಿದೆ, ಮುಖ ಕಿವುಚಿಕೊಂಡಿತು. ಅದು ನಾಟಕವಲ್ಲ. ಅಷ್ಟರ ಮಟ್ಟಿಗೆ ನಾನು ಪ್ರಾಮಾಣಿಕನೇ.

‘ಬೇಡ ಸಾಹೇಬ್ರೆ. ಒಳಗೆ ಕೊಳೆತಿದೆ.’

‘ಕೊಳೆತದ್ದಲ್ಲ’ ಎಂದು ತಮ್ಮ ಮುಂದೆ ಬಂದ. ‘ಅದು ಹಾಗೇ ಇರುವುದು ಸಾಹೇಬ್ರೆ, ಅದನ್ನೇ ಅಲ್ಲಿ ಬ್ರೆಡ್ಡಿಗೆ ಹಚ್ಚಿ ತಿನ್ನುತ್ತಾರೆ. ಅಣ್ಣ, ಕೊಂಬು ಒಡಿ, ಕೊಂಬಿನ ಮಾಂಸ ತಿನ್ನು.’

‘ಹೊಟ್ಟೆ ಕೊಳ್ತದ್ದರ ಕೊಂಬ್ ಎಂತಕ್ಕೆ ತಿನ್ಕ್? ನೀನೇ ತಿಂದ್ ಕಾಣ್.’

ಅವನು ನಿಜವಾಗಿಯೂ ತಿಂದ. ನಿಂತಲ್ಲೇ, ಟೈಯನ್ನು ಹೆಗಲ ಮೇಲೆ ಎಸೆದುಕೊಂಡು, ಆ ಕಂದು ಮುದ್ದೆಯನ್ನು ಚಮಚದಲ್ಲಿ ತೆಗೆದು ನುಂಗಿದ. ‘ಚೆನ್ನಾಗಿದೆ ಸಾಹೇಬ್ರೆ, ದೇವರಾಣೆ’ ಎಂದ. ಯಾರೋ ಹಿಂದಿನಿಂದ ಕಿಸಕ್ ಎಂದರು. ನನಗೆ ಖುಷಿಯಾಯಿತು.

ಸಾಹೇಬರು ಕೈ ಎತ್ತಿದರು. ‘ನೀ ತಿಂದ್ರೆ ಆಗ್ಲಿಕ್ಕಿಲ್ಲಪ್ಪಾ. ತಂದವನು ನೀನು. ನಾಳೆ ಮಧ್ಯಾಹ್ನ ಲುಹರ್ ಆದ್ಮೇಲೆ ಕಂಪನಿಯವ್ರಿಗೆ ಫೋನ್ ಮಾಡ್ತೆ. ಅಲ್ಲಿತನಕ ಎಂತದೂ ಹೇಳ್ಬೇಡ.’

ಎಲ್ಲರೂ ಹೋದ ಮೇಲೆ ಟ್ರೇ ತೊಳೆಯುವುದು ನನ್ನ ಕೆಲಸ. ಕೊಂಬುಗಳು ಹಾಗೆಯೇ ಇದ್ದವು, ಬಿಸಾಡುವ ಮೊದಲು ಒಂದನ್ನು ಒಡೆದೆ. ಯಾಕೆ ಒಡೆದೆ ಎಂದರೆ, ಕೊಂಬಿದ್ದ ಏಡಿಯನ್ನು ಒಡೆಯದೆ ಬಿಸಾಡುವುದು ನನ್ನ ಕೈಗೆ ಗೊತ್ತಿಲ್ಲ. ಬಿಳಿ ಮಾಂಸ ಇಡಿಯಾಗಿ ಬಂತು. ಎಳೆ ಎಳೆಯಾಗಿ ಬಿಟ್ಟಿತು. ಸಿಹಿ. ನಮ್ಮ ಹೊಳೆಯ ಏಡಿಯ ಸಿಹಿ ಬೇರೆ, ಇದು ಬೇರೆ, ಆದರೆ ಕೆಟ್ಟ ಏಡಿಯ ಕೊಂಬು ಹೀಗೆ ಇರುವುದಿಲ್ಲ. ಹೊಟ್ಟೆ ಕೆಟ್ಟರೆ ಮೊದಲು ಕೊಂಬು ಹಿಟ್ಟಾಗುತ್ತದೆ, ಅದು ನನಗೆ ಗೊತ್ತು.

ಮಧ್ಯಾಹ್ನದ ಖುಬ್ಜ್ ರೊಟ್ಟಿಯ ತುಂಡೊಂದು ಇತ್ತು. ಅದರಲ್ಲಿ ಆ ಕಂದು ಮುದ್ದೆಯನ್ನು ಒರೆಸಿ ಬಾಯಿಗಿಟ್ಟೆ. ಹುರಿದ ಸಿಗಡಿಯ ತಲೆಯನ್ನು ಚೀಪಿದಾಗ ಬರುತ್ತದಲ್ಲ, ಆ ರುಚಿ, ಅದನ್ನು ಬೆಣ್ಣೆಯಲ್ಲಿ ಕಲಸಿದ ಹಾಗೆ. ಇನ್ನೊಂದು ತುಂಡು ಒರೆಸಿದೆ. ಮತ್ತೊಂದು. ರೊಟ್ಟಿ ಮುಗಿದ ಮೇಲೆ ಬೆರಳಿನಿಂದ ಓಡನ್ನು ಬಳಿದೆ. ನಿಂತುಕೊಂಡು, ಕಳ್ಳನ ಹಾಗೆ ಬಾಗಿಲಿನ ಕಡೆ ನೋಡುತ್ತ ತಿಂದೆ.

ಅಲ್ಲಿಗೆ ನನ್ನ ತಪ್ಪು ತಪ್ಪೇ ಆಗಿತ್ತು, ಮೋಸವಾಗಿರಲಿಲ್ಲ. ಮೆಟ್ಟಿಲು ಹತ್ತಿ ಹೋಗಿ, ‘ಹೋಯ್, ನಿನ್ನ ಏಡಿ ಅಡ್ಡಿಲ್ಲೆ ಮಾರಾಯ’ ಎಂದಿದ್ದರೆ ಮುಗಿಯುತ್ತಿತ್ತು. ಮೇಲೆ ಹೋದೆ. ತಮ್ಮ ತನ್ನ ಹೆಂಡತಿಯೊಂದಿಗೆ ಫೋನಿನಲ್ಲಿದ್ದ. ‘ಅಣ್ಣ ಬೇಡ ಅಂದ. ಅವ ಹೇಳಿದ್ ಮೇಲೆ ಸಾಹೇಬ್ರ್ ಕೇಂತ್ರಾ?’ ಎನ್ನುತ್ತಿದ್ದ. ಆ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಅಣ್ಣ ಹೇಳಿದ ಮೇಲೆ ಮುಗಿಯಿತು ಎಂಬ ಒಂದು ಒಪ್ಪಿಗೆ ಇತ್ತು. ಬೆಲೆ ಗೊತ್ತಿಲ್ಲದ ಅಣ್ಣನ ಮಾತಿಗೆ ಎಷ್ಟು ಬೆಲೆ ಎಂದು ಈಗ ಗೊತ್ತಾಯಿತಲ್ಲ ಎಂದುಕೊಂಡೆ. ಚಾಪೆ ಬಿಡಿಸಿಕೊಂಡು ಮಲಗಿದೆ. ಹೊಟ್ಟೆಯಲ್ಲಿ ಅವನ ಏಡಿ ಇತ್ತು, ತಂಪಾಗಿ ನಿದ್ದೆ ಬಂತು. ನಿದ್ದೆ ಬರಲಿಲ್ಲ ಎಂದು ಬರೆದರೆ ಚಂದ ಕಾಣುತ್ತಿತ್ತು, ಆದರೆ ಬಂತು.

ಮರುದಿನ ಸಾಹೇಬರು ಫೋನ್ ಎತ್ತುವ ಮುಂಚೆ ನನ್ನನ್ನು ಕರೆದರು. ಒಳ್ಳೆಯ ಮನುಷ್ಯ. ಅವರು ನನಗೆ ಕೊಟ್ಟ ಅವಕಾಶವನ್ನು ಯಾವ ನ್ಯಾಯಾಧೀಶನೂ ಕೊಡುವುದಿಲ್ಲ.

‘ನಿನ್ನೆದು ಸ್ವಲ್ಪ ಬಾಯಿಗೆ ಹೋಯ್ತಲ್ಲಾ. ಹೊಟ್ಟೆಗೆ ಎಂತಾದ್ರೂ ಆಯ್ತನಾ?’

ತಮ್ಮ ಅಲ್ಲಿಯೇ ಗೋಡೆಗೆ ಒರಗಿ ನಿಂತಿದ್ದ. ಅವತ್ತು ಟೈ ಕಟ್ಟಿರಲಿಲ್ಲ.

‘ಬೆಳಗಿನ ತನಕ ತೊಳಸುತ್ತಿತ್ತು ಸಾಹೇಬ್ರೆ’ ಎಂದೆ.

‘ಖಲಾಸ್’ ಎಂದರು ಸಾಹೇಬರು.

ಈ ಬರಹ ಇರುವುದು ಆ ಒಂದು ವಾಕ್ಯಕ್ಕಾಗಿ. ಮೊದಲ ದಿನ ನನ್ನ ಕೇರಿ ನನಗೆ ಕಲಿಸಿದ್ದು ತಪ್ಪಾಯಿತು, ಅದಕ್ಕೆ ನಾನು ತಲೆ ತಗ್ಗಿಸುವುದಿಲ್ಲ. ಎರಡನೆಯ ದಿನ ನನಗೆ ಎಲ್ಲ ಗೊತ್ತಿತ್ತು. ತಿಂದು, ಬಳಿದು, ಬೆರಳು ನೆಕ್ಕಿ, ಹೊಟ್ಟೆ ತೊಳಸಿತು ಎಂದೆ. ತಮ್ಮ ಗೋಡೆಯಿಂದ ಬೆನ್ನು ತೆಗೆದು, ನನಗೆ ನೀರು ತಂದುಕೊಟ್ಟ. ‘ಹೇಳುಕಾತಿಲ್ಯಾ ಅಣ್ಣ? ಎಬ್ಸುಕಾಗಿತ್ತ್ ನನ್ನ. ಮಾತ್ರೆ ಇದ್ದಿತ್ತ್’ ಎಂದ. ನಾನು ಆ ನೀರನ್ನು ಕುಡಿದೆ.

ಇಕಾಮಾ ಬದಲಿಸುವ ಮಾತು ಅಲ್ಲಿಗೆ ನಿಂತಿತು. ಸಾಹೇಬರು ಅವನನ್ನು ಬೈಯಲಿಲ್ಲ, ಹೊಸ ಮಾಲಿನ ವಿಷಯದಲ್ಲಿ ಅವನ ಮಾತನ್ನು ಕೇಳುವುದನ್ನು ಮಾತ್ರ ಬಿಟ್ಟರು. ಕಚೇರಿಯವರು ಅವನನ್ನು ‘ಯುರೋಪ್’ ಎಂದು ಕರೆಯತೊಡಗಿದರು. ‘ಯುರೋಪ್, ಚಾಯ್ ಲಾವ್’ ಎಂದು ಪಾಕಿಸ್ತಾನಿ ಡ್ರೈವರನೂ ಕೂಗುತ್ತಿದ್ದ. ಅವನು ಅದಕ್ಕೂ ನಗುತ್ತಿದ್ದ. ಒಂದು ದಿನ ನನ್ನ ಬಳಿ, ‘ತಪ್ಪ್ ನಂದೇ ಅಣ್ಣ. ಗೆರೆ ಕಂಡ್ ಮರುಳಾದೆ. ನೀ ಹೇಳಿದ್ದೇ ಸಮ, ಬಾಯಿಗ್ ಹಾಕ್ದೆ ಬೆಲೆ ಕಟ್ಟುಕಾಗ’ ಎಂದ. ನನಗೆ ಅವನ ಮೇಲೆ ಹೇಸಿಗೆಯಾಯಿತು. ಇಷ್ಟು ಬೇಗ ಒಪ್ಪಿಕೊಳ್ಳುವವನು, ತಾನೇ ಚಮಚದಲ್ಲಿ ತಿಂದು ಚೆನ್ನಾಗಿದೆ ಎಂದ ರುಚಿಯನ್ನು ಅಣ್ಣನಿಗಾಗಿ ಬಿಟ್ಟುಕೊಡುವವನು, ಯಾವ ಸೀಮೆಯ ಗಂಡಸು? ಹೀಗೆಲ್ಲ ಅಂದುಕೊಂಡೆ. ಬೇರೆ ಏನಾದರೂ ಅಂದುಕೊಂಡರೆ ನನ್ನನ್ನೇ ನೋಡಿಕೊಳ್ಳಬೇಕಾಗುತ್ತಿತ್ತು.

ಕೆಲವು ತಿಂಗಳಲ್ಲಿ ಅವನು ರಾಸ್ ಅಲ್ ಖೈರ್‌ಗೆ ಹೋದ. ಉಪ್ಪುನೀರನ್ನು ಸಿಹಿನೀರು ಮಾಡುವ ಸ್ಥಾವರದ ಹತ್ತಿರ ಕೂಲಿಗಳ ಕ್ಯಾಂಪು, ಅದಕ್ಕೆ ಊಟ ಒದಗಿಸುವ ಕಂಪನಿಯ ಸಾಮಾನು ಕೋಣೆ. ಅಕ್ಕಿ ಮೂಟೆ, ಮಂಜುಗಟ್ಟಿದ ಕೋಳಿ. ಅಲ್ಲಿಯೂ ಇಕಾಮಾದಲ್ಲಿ ಆಮಿಲ್.

ಅವನು ಹೋದ ಮೇಲೆ ಅದೇ ಕಂದು ಏಡಿ ಖೋಬರ್‌ನ ಬೇರೊಬ್ಬ ವ್ಯಾಪಾರಿಯ ಮೂಲಕ ನಮ್ಮ ಹೋಟೆಲುಗಳಿಗೇ ಬರತೊಡಗಿತು. ಜನ ಸಾಲುಗಟ್ಟಿ ತಿಂದರು. ಸಾಹೇಬರು ಕೆಲವು ಪೆಟ್ಟಿಗೆ ತರಿಸಿದರು. ನನ್ನೆದುರು ಕುರ್ಚಿ ಎಳೆದು ಕೂತರು. ನಾನು ಕೊಂಬು ಒಡೆದೆ, ಕಂದು ಮುದ್ದೆಯನ್ನು ರೊಟ್ಟಿಗೆ ಹಚ್ಚಿದೆ, ತಿಂದೆ.

‘ಅಡ್ಡಿಲ್ಲ ಸಾಹೇಬ್ರೆ.’

ಅವರು ನನ್ನ ಮುಖವನ್ನು ತುಸು ಹೆಚ್ಚೇ ಹೊತ್ತು ನೋಡಿದರು. ‘ಅವತ್ತು ಬಂದದ್ದೂ ಇದೇ ಕಂಪನಿದಲ್ವನಾ?’

‘ಆ ಪೆಟ್ಟಿಗೆ ದಾರಿಯಲ್ಲಿ ಕೆಟ್ಟಿತ್ತು ಕಾಣ್ತದೆ.’

‘ಹಾಂ. ಆಗ್ತದೆ ಹಾಗೆ’ ಎಂದರು. ಏಡಿಯ ವಿಷಯದಲ್ಲಿ ಅವರು ನನ್ನನ್ನಲ್ಲದೆ ಇನ್ಯಾರನ್ನು ಕೇಳಬೇಕು?

ಈಗ ಆ ಏಡಿ ನಮ್ಮಲ್ಲಿ ಅತಿ ಹೆಚ್ಚು ಓಡುವ ಮಾಲು. ನಾನು ಅದನ್ನು ತಿನ್ನುತ್ತಲೇ ಇದ್ದೇನೆ. ಯುರೋಪಿನ ಬೆಸ್ತರು ಬುಟ್ಟಿ ಬಿಟ್ಟು, ಚಳಿಯಲ್ಲಿ ಎಳೆದು, ಸಣ್ಣದನ್ನು ವಾಪಸ್ ಬಿಟ್ಟು, ಉಳಿದದ್ದನ್ನು ಕಳಿಸುತ್ತಾರೆ. ಅದು ಕೊನೆಗೆ ಬಂದು ಬೀಳುವುದು ನನ್ನಂಥವನ ಬಾಯಿಗೆ. ಅವರಿಗೆ ಗೊತ್ತಾದರೆ ಬುಟ್ಟಿ ಕಟ್ಟಿಟ್ಟು ಮನೆಗೆ ಹೋದಾರು.

ಒಂದು ಶುಕ್ರವಾರ ನಾನು ರಾಸ್ ಅಲ್ ಖೈರ್‌ಗೆ ಹೋದೆ. ದಾರಿಯುದ್ದಕ್ಕೂ ಮರಳು, ವಿದ್ಯುತ್ ಕಂಬ, ದೂರದಲ್ಲಿ ಹೊಗೆ ಉಗುಳುವ ಚಿಮಣಿಗಳು. ಕ್ಯಾಂಪಿನ ಗೇಟಿಗೆ ತಮ್ಮ ಬಂದು ಕಾಯುತ್ತಿದ್ದ. ಸಣ್ಣಗಾಗಿದ್ದ. ಅವನ ಪಾಲಿನ ಮಂಚದ ಮೇಲೆ ಕೂರಿಸಿ, ಕೋಳಿ ಸಾರು, ಅನ್ನ ಹಾಕಿದ. ಊಟದ ನಡುವೆಯೇ ಹೇಳಿಬಿಟ್ಟೆ.

‘ನಿನ್ನ ಏಡಿ ಅವತ್ತ್ ಕೆಟ್ಟಿರ್ಲಿಲ್ಲೆ.’

‘ಯಾವ ಏಡಿ?’

‘ಅದೇ. ಸಾಯಂಕಾಲ ನಾ ಒಬ್ಬನೇ ತಿಂದೆ. ಲಾಯ್ಕಿದ್ದಿತ್ತ್. ಹೊಟ್ಟೆ ತೊಳಸಿದ್ದ್ ಸುಳ್ಳ್.’

ಅವನು ಅನ್ನ ಕಲಸುವ ಕೈಯನ್ನು ನಿಲ್ಲಿಸಿದ. ನಂತರ ಕಲಸಿದ. ಒಂದು ತುತ್ತು ತಿಂದ.

‘ಪೂರ್ತಿ ತಿಂದ್ಯಾ?’

‘ಪೂರ್ತಿ.’

‘ಓಡ್ ನೆಕ್ಕಿದ್ಯಾ?’

‘ಹ್ಞೂಂ.’

‘ನಾಯಿ’ ಎಂದ. ಅವನು ನನ್ನನ್ನು ಬೈದದ್ದು ಹುಟ್ಟಿದಂದಿನಿಂದ ಅದೇ ಮೊದಲು. ನನ್ನ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿದ. ‘ನಿಂಗೆ ನೀರ್ ತಂದ್ ಕೊಟ್ಟೆನಲ್ದಾ ನಾನ್. ಬಾವಿಗ್ ಹಾರುಕಾಯ್ಲಿಲ್ಯಾ ನಿಂಗೆ?’

‘ಇಲ್ಲಿ ಬಾವಿ ಇಲ್ಯಲೆ’ ಎಂದೆ. ಯಾಕೆ ಹಾಗೆ ಹೇಳಿದೆನೋ. ಅವನು ನಗಲಿಲ್ಲ. ಈ ಸಲ ನಗಲಿಲ್ಲ.

ಕೈ ತೊಳೆದು ಬಂದ ಮೇಲೆ ಕೇಳಿದ. ‘ಸಾಹೇಬ್ರಿಗೆ ಹೇಳ್ತ್ಯಾ? ನೀ ಒಂದ್ ಮಾತ್ ಹೇಳಿರೆ ಅವ್ರ್ ನನ್ನ ಕರೀತ್ರ್. ಅವಳಿಗೆ ಈಗ್ಲೂ ಇಲ್ಲಿಗ್ ಬರ್ಕ್ ಅಂದೇ ಇತ್ತ್. ಮಗಳನ್ ಎಲ್ಲೂ ಶಾಲೆಗ್ ಹಾಕ್ಲಿಲ್ಲೆ, ಇಲ್ಲೇ ಸೇರ್ಸ್ವ ಅಂದ್.’

‘ಹೇಳ್ತೆ’ ಎಂದೆ.

ಬಸ್ಸಿನಲ್ಲಿ ಬರುವಾಗ ಎದೆ ಹಗುರವಾಗಿತ್ತು. ಏನೂ ಮಾಡಲಾಗದವನ ಮುಂದೆ ಎಲ್ಲವ‌ನ್ನೂ ಒಪ್ಪಿಕೊಂಡು, ಮಾಡಬಲ್ಲವರ ಮುಂದೆ ಬಾಯಿ ಬಿಡದೆ, ದೊಡ್ಡ ಕೆಲಸ ಮುಗಿಸಿದವನ ಹಾಗೆ ಕಿಟಕಿಗೆ ತಲೆಯಿಟ್ಟು ಕೂತಿದ್ದೆ.

ಸಾಹೇಬರಿಗೆ ಹೇಳಬೇಕೆಂದು ಹಲವು ಸಲ ಕಚೇರಿಯ ಬಾಗಿಲಿಗೆ ಹೋದೆ. ಹೇಳಿದರೆ ನನ್ನನ್ನು ಊರಿಗೆ ಅಟ್ಟುತ್ತಾರೆ ಎಂಬ ಹೆದರಿಕೆ ಅಲ್ಲ. ಅಟ್ಟುವವರಲ್ಲ ಅವರು. ಕುರ್ಚಿ ಎಳೆದು ಕೂರುವುದನ್ನು ಬಿಡುತ್ತಾರೆ. ಬೇರೆ ಯಾರೋ ಒಬ್ಬ ಟ್ರೇಯ ಮುಂದೆ ಕೂತು ಅಗಿಯುತ್ತಾನೆ, ನಾನು ಪೊರಕೆ ಹಿಡಿದು ಬಾಯಿ ಮುಚ್ಚಿಕೊಂಡು ನಿಲ್ಲಬೇಕು. ಅದು ನನ್ನಿಂದ ಆಗುವುದಿಲ್ಲ. ತಮ್ಮನ ಸಂಸಾರವನ್ನು ಒಂದು ಕಡೆ ಇಟ್ಟು, ಇದನ್ನು ಇನ್ನೊಂದು ಕಡೆ ಇಟ್ಟು ತೂಗಿದೆ. ಹೆಚ್ಚು ತೂಗಿದ್ದು ಇದು.

ಕಳೆದ ತಿಂಗಳು ಸಾಹೇಬರು ತಾವಾಗಿಯೇ ನಾನಿದ್ದಲ್ಲಿಗೆ ಬಂದರು. ಖರೀದಿಗೆ ಕೂತಿದ್ದ ಹೈದರಾಬಾದಿನವನು ಕೆಲಸ ಬಿಟ್ಟಿದ್ದ.

‘ನಿನ್ನ ತಮ್ಮ ಹೇಗಿದ್ದಾನೆ? ಒಳ್ಳೆ ಹುಡುಗ. ಆ ಏಡಿದು ಮೊದ್ಲು ಹೇಳಿದವ ಅವನೇ ಅಲ್ವನಾ? ಬರ್ತಾನಾದ್ರೆ ಕೇಳು. ಈ ಸಲ ಇಕಾಮಾ ಮೊದ್ಲೇ ಸರಿ ಮಾಡಿಕೊಡುವ.’

ನಾನು ಮೀನಿನ ಪೆಟ್ಟಿಗೆಗೆ ಐಸ್ ಹಾಕುತ್ತಿದ್ದೆ. ಅವರಿಗೆ ಏನೂ ಹೇಳಬೇಕಾಗಿಯೇ ಇರಲಿಲ್ಲ. ‘ಕೇಳ್ತೇನೆ’ ಎಂದಿದ್ದರೆ ಸಾಕಿತ್ತು. ಅವನು ಬರುತ್ತಾನೆ, ಹೆಂಡತಿ ಮಗು ಬರುತ್ತಾರೆ, ಅಸರ್ ಆದ ಮೇಲೆ ಮಾಲು ಬಂದಾಗ ಅವನೂ ಅಲ್ಲಿ ನಿಂತಿರುತ್ತಾನೆ. ನಾನು ಏಡಿ ಒಡೆದು ಬಾಯಿಗಿಡುವಾಗ ಎಲ್ಲರೂ ನನ್ನ ಮುಖ ನೋಡುತ್ತಿರುವ ಹೊತ್ತಿಗೆ ಅವನೂ ನೋಡುತ್ತಿರುತ್ತಾನೆ.

‘ಅವನಿಗೆ ಅಲ್ಲಿ ಒಳ್ಳೇದಿದೆ ಸಾಹೇಬ್ರೆ. ಬರಲಿಕ್ಕಿಲ್ಲ’ ಎಂದೆ.

ಸಾಹೇಬರು ತಲೆಯಾಡಿಸಿ ಹೋದರು. ಆ ವಾರವೇ ಮಂಗಳೂರಿನವನೊಬ್ಬನನ್ನು ತೆಗೆದುಕೊಂಡರು.

ಮೊನ್ನೆ ತಮ್ಮ ಫೋನ್ ಮಾಡಿದ್ದ. ಸಾಹೇಬರಿಗೆ ಹೇಳಿದೆಯಾ ಎಂದು ಕೇಳಲಿಲ್ಲ. ಮಗಳನ್ನು ಊರಿನ ಶಾಲೆಗೆ ಸೇರಿಸಿದ್ದಾಯಿತು ಎಂದ, ಸಮವಸ್ತ್ರ ಹಾಕಿಕೊಂಡ ಅವಳ ಫೋಟೋ ಕಳಿಸುತ್ತೇನೆ ಎಂದ. ನಾನು ಕಳಿಸು ಎಂದೆ. ಇನ್ನೂ ಕಳಿಸಿಲ್ಲ.